ಹಿಟ್ಟು ಉಕ್ಕುವ ಹೊತ್ತು

ರಾತ್ರಿ ಪಾಳಿ, ಜುಬೈಲ್. ನನ್ನ ಪಾಲಿಗೆ ಸಮುದ್ರವೆಂದರೆ
ಒಂಬತ್ತು ಪಂಪು, ನಲವತ್ತು ಮೀಟರು, ಒಂದು ರಿಜಿಸ್ಟರು.
ಉಪ್ಪು ಕಳೆದ ನೀರಿನಲ್ಲಿ ಒಂದು ಪಾಲು
ಬೇಲಿಯಾಚೆಯ ಕಿಟಕಿಯಿಲ್ಲದ ಕಟ್ಟಡಕ್ಕೆ.
ಅಲ್ಲಿ ಯಂತ್ರವೊಂದು
ತನ್ನ ಬುದ್ಧಿಯನ್ನು ತಾನೇ ಬಿಚ್ಚಿ
ತಿದ್ದಿ ಹೊಲಿದುಕೊಳ್ಳುತ್ತಿದೆಯಂತೆ.
ನನಗೆ ಗೊತ್ತಿರುವುದು ಅದರ ಬಾಯಾರಿಕೆ ಮಾತ್ರ.

ವಲೇರಿಯನ್ ಡೇಸಾ ಅಲ್ಲಿ ಕೇಬಲ್ ಎಳೆಯುವವನು.
ಚಾ ಹೊತ್ತಿಗೆ ಬೇಲಿಗೊರಗಿ ಹೇಳುತ್ತಾನೆ:
‘ಮೊದಲ ಸಲ ತನ್ನನ್ನು ತಿದ್ದಲು ಒಂದು ವರ್ಷ,
ಎರಡನೆಯ ಸಲ ನಾಲ್ಕು ತಿಂಗಳು.
ಇನ್ನು ನೀನೇ ಲೆಕ್ಕ ಹಾಕು ಮಾರಾಯ,
ಬರುವ ರಂಜಾನಿನೊಳಗೆ
ಅದು ಯಾರ ಲೆಕ್ಕಕ್ಕೂ ಸಿಕ್ಕುವುದಿಲ್ಲ.’

ನನ್ನ ಲೆಕ್ಕ ಬೇರೆ.
ಹೊಸ ಪೊರೆ ಬಂದಾಗ ಕರೆಂಟು ಅರ್ಧಕ್ಕರ್ಧ ಇಳಿಯಿತು;
ಅದರ ಮುಂದಿನದಕ್ಕೆ ಕಾಲು ಪಾಲು;
ಆಮೇಲೆ ಒಬ್ಬ ಎಂಜಿನಿಯರು ಬಂದು, ಮೂರು ವಾರ ಕೂತು,
ಚಿಟಿಕೆಯಷ್ಟು ಇಳಿಸಿ, ಕೇಕು ಕತ್ತರಿಸಿದ.
ಉಪ್ಪಿನ ಕೈಯಿಂದ ನೀರು ಬಿಡಿಸಲು ಒಂದು ಬೆಲೆಯಿದೆ,
ಅದರ ಕೆಳಗೆ ಚೌಕಾಸಿಯಿಲ್ಲ.
ಸಾಲದ್ದಕ್ಕೆ, ನಾವು ಉಗುಳಿದ ಉಪ್ಪೇ
ಉಬ್ಬರದಲ್ಲಿ ತಿರುಗಿ ನಮ್ಮ ಕೊಳವೆಗೆ ಬರುತ್ತದೆ.

‘ಅದು ನೀರು, ಇದು ಬುದ್ಧಿ,’ ಅನ್ನುತ್ತಾನೆ.
ಇರಬಹುದು.
ಆದರೆ ತಾನಾಡಿದ ಮಾತನ್ನೇ ತಾನು ಕುಡಿಯುತ್ತ ಕೂತರೆ
ಬುದ್ಧಿಗೂ ಉಪ್ಪು ಕಟ್ಟುವುದಿಲ್ಲವೆ?

ಮೊನ್ನೆ ನನ್ನ ರಜೆಯ ರಾತ್ರಿ
ಕ್ಯಾಂಪಿನ ಕೋಣೆಯಲ್ಲಿ ಜುಬೇರ್ ದೋಸೆಗೆ ರುಬ್ಬಿಟ್ಟಿದ್ದ.
ಆಗಸ್ಟಿನ ಸೆಕೆ, ಏಸಿ ಕೆಟ್ಟಿತ್ತು.
ಹತ್ತಕ್ಕೆ ಪಾತ್ರೆಯ ತಳದಲ್ಲಿದ್ದದ್ದು
ಹನ್ನೆರಡಕ್ಕೆ ಕಂಠಕ್ಕೆ, ಒಂದಕ್ಕೆ ಮುಚ್ಚಳ ತಳ್ಳಿ ಮೇಜಿಗೆ,
ಮೇಜಿನಿಂದ ಅವನ ಮಗಳ ಕಾಗದಗಳಿಗೆ.
ಆ ಒಂದು ಗಂಟೆಯನ್ನು ನೋಡಿ ಯಾರಾದರೂ ಗೆರೆ ಎಳೆದಿದ್ದರೆ
ಬೆಳಗಾಗುವುದರೊಳಗೆ ಜುಬೈಲ್ ಮುಳುಗಬೇಕಿತ್ತು.
ಮುಳುಗಲಿಲ್ಲ. ನಾಲ್ಕಕ್ಕೆ ಕುಸಿದು
ಹುಳಿ ನಾರುತ್ತ ಬಿದ್ದುಕೊಂಡಿತ್ತು,
ತಿನ್ನಲು ಒಳಗೆ ಏನೂ ಉಳಿದಿರಲಿಲ್ಲ.

ಗೆದ್ದವನ ಹಾಗೆ ವಲೇರಿಯನ್‌ಗೆ ಇದನ್ನು ಹೇಳಿದೆ.
ಅವನು ಕಾಗದದ ಲೋಟ ಮಡಚಿ, ಮತ್ತೊಮ್ಮೆ ಮಡಚಿ,
‘ಸರಿ. ಹಿಟ್ಟಿಗೆ ಅಂಗಡಿಗೆ ಹೋಗಿ ಅಕ್ಕಿ ತರಲು ಬರುವುದಿಲ್ಲ.
ಇದಕ್ಕೆ ಬಂದರೆ?’

ನನ್ನಲ್ಲಿ ಉತ್ತರವಿರಲಿಲ್ಲ.
ಮೇಜು ಒರೆಸಿದವನು ನಾನೇ.
ಉಕ್ಕುವಾಗ ಒದ್ದೆಯಾದ ಕಾಗದ
ಹಿಟ್ಟು ಕುಸಿದ ಮೇಲೂ ಓದಲು ಬರಲಿಲ್ಲ.

ಈಗ ಮೂರು ಗಂಟೆ ಹತ್ತು ನಿಮಿಷ. ಬೇಲಿಯಾಚೆಗೆ ಹೋಗುವ ನೀರಿನ ಮುಳ್ಳು
ನಿನ್ನೆಗಿಂತ ಒಂದು ಗೆರೆ ಮೇಲೆ.
ನಡುವಿನ ಮೆಟ್ಟಿಲೋ, ಕೊನೆಯದೋ,
ಗೆರೆಗೆ ಗೊತ್ತಿಲ್ಲ.
ರಿಜಿಸ್ಟರಿನಲ್ಲಿ ಅಂಕಿ ಬರೆದು
ಪಕ್ಕದ ‘ಷರಾ’ ಕಾಲಮ್ಮಿನಲ್ಲಿ ಪೆನ್ನು ಊರಿ, ತೆಗೆದು,
ಐದನೆಯ ಪಂಪು ತೆರೆಯಲು ಹೋಗುತ್ತೇನೆ.