ಸೋಮವಾರದ ಅಂಕಪಟ್ಟಿ

ಸೋಮವಾರ ಈ ಊರು ಕುಡಿಯುವುದಿಲ್ಲ.
ಶಿವನ ವಾರ. ಖಾಲಿ ಕುರ್ಚಿ ಎಣಿಸಿ ಎಣಿಸಿ ಸಾಕಾಗಿ
ನಮ್ಮ ಬಕ್ಕೇಶಣ್ಣ ಕ್ವಿಜ್ ಲೀಗ್ ಹುಟ್ಟುಹಾಕಿದ.
ಆರು ಬಾರು, ಹನ್ನೆರಡು ತಂಡ,
ಒಂದೇ ರಾತ್ರಿ ಆರು ಪಂದ್ಯ.
ಗೆದ್ದವರಿಗೆ ಎರಡು ಅಂಕ, ಸಮವಾದರೆ ಒಂದು,
ಸೋತವರಿಗೆ ಮಸಾಲೆ ಶೇಂಗಾ.

ನಾನು ಬಿಲ್ ಬರೆಯುವವನು.
ಬಿಲ್ ಪುಸ್ತಕದ ಬೆನ್ನಿಗೇ ಲೀಗಿನ ಲೆಕ್ಕ.
ಕಾರ್ಬನ್ ಹಾಳೆ ತೆಗೆಯಲು ಮರೆತ ದಿನ
ಯಾರದೋ ಎರಡು ಆಮ್ಲೆಟ್ಟು
ಯಾರದೋ ಸೋಲಿನ ಮೇಲೆ ನೀಲಿಯಾಗಿ ಮೂಡಿರುತ್ತದೆ.

ಎಂಟನೇ ವಾರ. ನಮ್ಮಲ್ಲಿ
ಮಂಡಕ್ಕಿ ಭಟ್ಟಿಯವರಿಗೂ ಆಸ್ಪತ್ರೆಯ ನರ್ಸುಗಳಿಗೂ.
ಇವರ ಅಂಗಿಗೆ ಹೊಗೆ, ಅವರ ಕೈಗೆ ಸ್ಪಿರಿಟ್ಟಿನ ವಾಸನೆ.
ನರ್ಸುಗಳು ಫ್ಯಾಮಿಲಿ ರೂಮಿನ ಪರದೆ ಸರಿಸಿ ಕೂತು
ಉಪ್ಪು ಸೋಡಾ ತರಿಸಿದರು.
ಹತ್ತಕ್ಕೆ ಅವರಿಗೆ ಡ್ಯೂಟಿ.

ಕೊಟ್ರೇಶ್ ಮೇಷ್ಟ್ರು ರಬ್ಬರ್ ಬ್ಯಾಂಡ್ ಬಿಚ್ಚಿ ಚೀಟಿ ಎತ್ತಿದರು.
ಮೂರು ಹೃದಯಗಳಿರುವ ಜೀವಿ?
"ಆಕ್ಟೋಪಸ್" ಅಂದಳು ಫಿಲೋಮಿನಾ.
"ಒಂದಿದ್ದೋರ್ನ ಉಳಿಸಿಕೊಳ್ಳೋದೇ ನಮಗೆ ಸಾಕಾಗೇತಿ"
ಎಂದು ಸೇರಿಸಿದ್ದಕ್ಕೆ ಅಂಕವಿಲ್ಲ.
ಚೌಕವೂ ಅಲ್ಲದ, ಆಯತವೂ ಅಲ್ಲದ ಬಾವುಟ ಯಾವ ದೇಶದ್ದು?
ದಾದಾಪೀರನಿಗೆ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು.
ಶೇಂಗಾ ಪೊಟ್ಟಣ ಹರಿದು
ಒಂದರ ಮೇಲೊಂದು ಎರಡು ತ್ರಿಕೋನ ಇಟ್ಟು
ಮೇಷ್ಟ್ರ ಮುಖ ನೋಡಿದ.
ಮೇಷ್ಟ್ರು ನನ್ನ ಮುಖ ನೋಡಿದರು.
ನಾನು ಬರೆದುಕೊಂಡೆ: ಅರ್ಧ.

ನಡುನಡುವೆ ಫೋನು.
ಪಿ.ಬಿ. ರಸ್ತೆಯಲ್ಲಿ ಕೋರ್ಟಿನ ಟೈಪಿಸ್ಟರು
ವಕೀಲರನ್ನೇ ಬಡಿದರಂತೆ.
ವಿನೋಬನಗರದಲ್ಲಿ ಕರೆಂಟು ಹೋಗಿ
ಮೊಬೈಲ್ ಬೆಳಕಲ್ಲಿ ಚೀಟಿ ಓದುತ್ತಿದ್ದಾರಂತೆ.
ಮೊಬೈಲ್ ಮುಟ್ಟಬಾರದೆಂಬ ನಿಯಮಕ್ಕೆ ಏನು ಮಾಡೋಣ
ಎಂದು ನನ್ನನ್ನೇ ಕೇಳುತ್ತಾರೆ.

ಕೊನೆಯ ಚೀಟಿ.
ನರ್ಸುಗಳು ಹತ್ತೊಂಬತ್ತು, ಭಟ್ಟಿ ಹದಿನೆಂಟೂವರೆ.
ನಮ್ಮೂರ ಹಳೇ ಗಿರಣಿಯ ಬೆಳಗಿನ ಕೂಗು ಎಷ್ಟು ಗಂಟೆಗೆ?
"ಆರು!" ದಾದಾಪೀರ್ ಮೇಜು ಗುದ್ದಿದ.
ಚೀಟಿಯಲ್ಲೂ ಆರು.
ನಾಲ್ವರೂ ಎದ್ದು ಒಬ್ಬರ ಬೆನ್ನು ಒಬ್ಬರು ತಟ್ಟುವಾಗ
ಕೈತೊಳೆಯುವ ತೊಟ್ಟಿಯ ಪಕ್ಕದ ಒಂಟಿ ಮೇಜಿನಿಂದ,
"ಐದೂ ಮುಕ್ಕಾಲು."

ಹಾಲಪ್ಪ. ಸೋಮವಾರವೂ ಕುಡಿಯುವ ಒಬ್ಬನೇ ಗಿರಾಕಿ.
ಯಾವ ತಂಡದವನೂ ಅಲ್ಲ.
ಈ ಏಳು ವಾರ ಒಂದು ಪ್ರಶ್ನೆಗೂ ತಲೆ ಎತ್ತಿದವನಲ್ಲ.
"ನಿನಗೆಂಗ ಗೊತ್ತು?" ಮೇಷ್ಟ್ರು ಗದರಿದರು.
"ನಾನs ಬಿಡ್ತಿದ್ದೆ ಅದನ್ನ.
ಒಳಗ ಹೋಗೋದು ಆರಕ್ಕ.
ಜನ ನಡಕೊಂಡು ಬರಾಕ ಟೈಮ್ ಬ್ಯಾಡೇನ್ರಿ?"

ಗ್ಲಾಸಿನ ತಳವನ್ನು ಮೇಜಿನ ಒದ್ದೆಯಲ್ಲಿ ಒಂದು ಸುತ್ತು ತಿರುಗಿಸಿದ.
"ಒಂದಿನ ನಿದ್ದಿ ಹತ್ತಿ ಐದು ನಿಮಿಷ ತಡ ಆತು.
ಊರಿಗೂರೇ ತಡ ಎದ್ದತು.
ಗಡಿಯಾರ ಇದ್ದೋರು
ತಮ್ಮ ಗಡಿಯಾರನ ಹಿಂದಕ್ಕ ತಿರುವಿಕೊಂಡ್ರು.
ಯಾರೂ ನನ್ನ ಕೇಳ್ಲಿಲ್ಲ."

ಚೀಟಿಯೇ ಅಂತಿಮ, ಇದು ನಿಯಮ.
ಪ್ರೇಕ್ಷಕರು ಬಾಯಿ ಹಾಕಬಾರದು, ಇದೂ ನಿಯಮ.
ಎರಡನ್ನೂ ಬರೆದವರು ಮೇಷ್ಟ್ರೇ.
ಚೀಟಿಯನ್ನು ಹರಿಯಲೂ ಇಲ್ಲ, ಕಟ್ಟಿಗೆ ಸೇರಿಸಲೂ ಇಲ್ಲ,
ಜೇಬಿಗೆ ಹಾಕಿಕೊಂಡರು.
ನಾನು ಕೊಡದೆ ಉಳಿಸಿಕೊಂಡ ಆ ಅರ್ಧ
ಪೆನ್ನಿನ ತುದಿಯಲ್ಲಿ ಕೂತಿತ್ತು.

ಗೋಡೆಯ ಗಡಿಯಾರ ನೋಡಿ ನರ್ಸುಗಳು ಗಡಬಡಿಸಿ ಎದ್ದರು.
ಒಂಬತ್ತು ಐವತ್ತು. ಆಟೋ ಸಿಗಬೇಕು, ಬಟ್ಟೆ ಬದಲಿಸಬೇಕು.
ಗಿರಾಕಿಗಳನ್ನು ಬೇಗ ಸಾಗಹಾಕಲೆಂದು
ಬಕ್ಕೇಶಣ್ಣ ಅದನ್ನು ಹತ್ತು ನಿಮಿಷ ಮುಂದಿಟ್ಟಿರುವುದು
ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.
ಹಾಲಪ್ಪ ಗೋಡೆಯ ಕಡೆ ತಿರುಗಲೂ ಇಲ್ಲ.
"ಓಡಬ್ಯಾಡ್ರವ್ವ" ಅಂದ,
"ಇನ್ನೂ ಟೈಮ್ ಐತಿ."