ಹುಬ್ಬಿನಲ್ಲಿರುವ 'ಆ'

ರೊಸಾರಿಯೋದಲ್ಲಿ ಜುಲೈ ಅಂದರೆ ಚಳಿ.
ಡಾಕ್ಟರ್ ಲಾರಾಲ್ದೆಯ ಮೂರನೇ ಮಹಡಿಯ ಕೋಣೆಯಲ್ಲಿ
ಹೀಟರಿನ ಬದಿಗೆ ಕುರ್ಚಿ ಎಳೆದುಕೊಂಡು ನೆಲಿದಾ
ದರಪಟ್ಟಿ ಓದುತ್ತಾಳೆ, ಹೋಟೆಲಿನ ಮೆನು ಓದುವವಳ ಹಾಗೆ,
ಬಲಗಡೆಯಿಂದ, ಅಂದರೆ ಬೆಲೆಯಿಂದ.

ಸೂಜಿಮದ್ದು: ಹದಿನೈದು ನಿಮಿಷ, ನಾಲ್ಕು ತಿಂಗಳು.
ಸ್ನಾಯುವಿಗೆ ಮಲಗು ಅನ್ನುತ್ತದೆ, ಅದು ಮಲಗುತ್ತದೆ.
ಫಿಲ್ಲರ್: ಬತ್ತಿದ ಕೆನ್ನೆಗೆ ತುಂಬುವ ಜೆಲ್ಲು,
ಮೈ ಅದನ್ನು ಮೆಲ್ಲಗೆ ಕುಡಿದು ಮುಗಿಸುವವರೆಗೆ.
ಲೇಸರ್: ವಾರವಿಡೀ ಟೊಮೆಟೊ ಮುಖ, ಆಮೇಲೆ ನೋಡೋಣ.
ಆಸಿಡ್ಡಿನ ಪೀಲ್: ಈರುಳ್ಳಿ ಸುಲಿದ ಹಾಗೆ,
ಅಳುವುದು ಮಾತ್ರ ಈರುಳ್ಳಿಯೇ.
ದಾರ: ಚರ್ಮದಡಿ ಪೋಣಿಸಿ ಮೇಲಕ್ಕೆ ಜಗ್ಗುವುದು.
ಕೊನೆಗೆ, ಸಣ್ಣಕ್ಷರದಲ್ಲಿ, ರಾತ್ರಿ ಹಚ್ಚುವ ಕ್ರೀಮು:
ಅಗ್ಗ, ನಿಧಾನ, ಭರವಸೆ ಕಡಿಮೆ.

"ಹೋದ ಸಲದ ಸೂಜಿ ಚೆನ್ನಾಗಿ ಕೂತಿತ್ತು"
ಅನ್ನುತ್ತಾರೆ ಡಾಕ್ಟರ್. ಕೂತಿತ್ತು, ನಿಜ.
ಮುಖ ನೋಡಿ ಮಣೆ ಹಾಕುವ ಟೀವಿಯವರು
ಪರದೆಯ ಮೂಲೆಯ ಅವಳ ವೃತ್ತವನ್ನು
ಎರಡು ಬೆರಳು ಅಗಲ ಮಾಡಿದ್ದರು.

ಆ ವೃತ್ತವೇ ಅವಳ ನೌಕರಿ. ಇಪ್ಪತ್ತಾರು ವರ್ಷ
ಮೇಯರ್, ಮಂತ್ರಿ, ಹವಾಮಾನದವರು ಬಾಯಲ್ಲಿ ಆಡಿದ್ದನ್ನು
ಕಿವಿ ಕೇಳದವರಿಗೆ ಕೈಯಲ್ಲಿ ಆಡುವುದು.
ಕೈಯಲ್ಲಿ ಅನ್ನುತ್ತೇವೆ, ಗೊತ್ತಿಲ್ಲದ ನಾವು.
ಕೈ ಹೇಳುವುದು ಅರ್ಧ. ಉಳಿದರ್ಧ ಮುಖ.
ಕನ್ನಡದಲ್ಲಿ ನಮಗೆ ಕೊನೆಗೊಂದು 'ಆ' ಹಚ್ಚಿದರೆ ಸಾಕು,
ಬಂದೆ ಅನ್ನುವುದು ಬಂದೆಯಾ ಆಗುತ್ತದೆ.
ಅವಳ ಭಾಷೆಯಲ್ಲಿ ಆ 'ಆ' ಹುಬ್ಬಿನಲ್ಲಿದೆ.
ಏರಿದರೆ ಪ್ರಶ್ನೆ. ಏರದಿದ್ದರೆ ಸುದ್ದಿ.

ಮಾರ್ಚಿನಲ್ಲಿ ಪರಾನಾ ನದಿ ಉಬ್ಬಿತ್ತು.
ಪತ್ರಕರ್ತೆಯೊಬ್ಬಳು ಕೇಳಿದಳು:
ದಂಡೆಯ ಓಣಿಗಳಿಗೆ ನೀರು ಬರುತ್ತದೆಯಾ?
ನೆಲಿದಾಳ ಕೈ ಅದನ್ನೇ ಕೇಳಿತು. ಹಣೆ ಕೇಳಲಿಲ್ಲ.
ಇಸ್ತ್ರಿ ಹಾಕಿದ ಹಣೆ.
ಉತ್ತರ ಕೊಡಬೇಕಾದವರು ಕಾಗದ ತಿರುವಿ
ಇನ್ನೊಂದು ಪ್ರಶ್ನೆಗೆ ಹೋದರು.

ದಂಡೆಯ ಬೇಕರಿಯಲ್ಲಿ ಎವರಿಸ್ತೋ
ಓದಿದ್ದು ಇಷ್ಟು: ನೀರು ಬರುತ್ತದೆ.
ಅರವತ್ತೊಂಬತ್ತರ ಮುದುಕ ಒಬ್ಬನೇ ರಾತ್ರಿಯಿಡೀ
ನಲವತ್ತು ಮೂಟೆ ಹಿಟ್ಟು ಮಾಳಿಗೆಗೆ ಹೊತ್ತ.
ಬೆಳಗ್ಗೆ ಓಣಿ ಒಣಗಿಯೇ ಇತ್ತು. ಬ್ರೆಡ್ಡಿಲ್ಲದ ಜನ
ಬಾಗಿಲು ಬಡಿದರು, ಯಾರಿಗೆ ಕೇಳಬೇಕು.

ಬೈಯಲು ಸ್ಟುಡಿಯೋವರೆಗೆ ಬಂದ. ಬೈಗುಳಕ್ಕೆ ಬಳಸಿದ್ದು
ಎರಡು ಕೈ, ಭುಜ, ಕೆನ್ನೆ, ನಾಲಿಗೆಯ ತುದಿ.
ಮುಗಿದ ಮೇಲೆ ತೋರುಬೆರಳು ಅವಳ ಹಣೆಗೆ ಒತ್ತಿ,
ಬನ್ನು ಬೆಂದಿದೆಯೋ ಎಂದು ನೋಡುವ ಹಾಗೆ ಒತ್ತಿ,
ತನ್ನ ಹುಬ್ಬು ಎತ್ತಿದ. ಅಷ್ಟೆ.
ಅವಳಿಗೆ ಅಳು ಬಂತು. ಅದೂ ಅರ್ಧ ಮುಖದಲ್ಲಿ.

ಹಣೆಬರಹ ಅಳಿಸಲಾಗದು ಅನ್ನುತ್ತಾರೆ ನಮ್ಮ ಕಡೆ.
ಅಳಿಸಬಹುದು, ಒಂದು ಸಿರಿಂಜು ಸಾಕು.
ಮತ್ತೆ ಬರೆಸಿಕೊಳ್ಳಲು ಕಾಯಬೇಕು. ಕಾದಳು.
ಏಪ್ರಿಲ್ ಹೋಯಿತು, ಮೇ ಹೋಯಿತು,
ಜೂನಿನ ಒಂದು ಬೆಳಗ್ಗೆ ಕನ್ನಡಿಯಲ್ಲಿ ಮೊದಲ ಗೆರೆ,
ಕಳೆದುಹೋದ ಬೆಕ್ಕು ಮರಳಿದ ಹಾಗೆ,
ಏನೂ ನಡೆದೇ ಇಲ್ಲವೆಂಬಂತೆ ಬಂದು ಕೂತಿತು.

ಆದರೂ ಬಂದಿದ್ದಾಳೆ ಇಲ್ಲಿ, ಪಟ್ಟಿ ಹಿಡಿದು.
ಸುಕ್ಕು ಬಂದ ಮಾತ್ರಕ್ಕೆ ಸೊಕ್ಕು ಹೋಗುವುದಿಲ್ಲ;
ಐವತ್ತೆಂಟಕ್ಕೂ ಅಂಗಡಿ ಗಾಜಿನಲ್ಲಿ ಓರೆನೋಟ.
"ಹಣೆ ಬೇಡ" ಅನ್ನುತ್ತಾಳೆ. "ಹುಬ್ಬಿನ ನಡುವೆಯೂ ಬೇಡ,
ಅಲ್ಲಿ ಯಾಕೆ, ಎಲ್ಲಿ, ಯಾರು ಎಲ್ಲ ಇದ್ದಾರೆ.
ಕೆನ್ನೆ ಉಬ್ಬಿದರೆ ದಪ್ಪ, ಒಳಗೆಳೆದರೆ ತೆಳು, ಅದನ್ನೂ ಬಿಡಿ.
ಕತ್ತು ನೋಡಿ. ಕತ್ತು ಯಾವ ವ್ಯಾಕರಣಕ್ಕೂ ಸೇರಿಲ್ಲ."

ಡಾಕ್ಟರ್ ನಕ್ಕರು ಅಂತ ಕಾಣುತ್ತದೆ;
ಅವರ ಮುಖ ಅವರ ಕಸುಬಿನ ಜಾಹೀರಾತು, ಖಚಿತ ಹೇಳಲಾಗದು.
ಕೊನೆಯ ಸಾಲಿನ ಕ್ರೀಮು ಬರೆದುಕೊಟ್ಟರು.
ಬಟಾಣಿ ಕಾಳಿನಷ್ಟು, ಮಲಗುವ ಮುನ್ನ.

ಬಸ್ಸಿಳಿದು ಬೇಕರಿಗೆ ಹೋದಳು.
ಎವರಿಸ್ತೋನ ಎರಡೂ ಕೈ ಹಿಟ್ಟಿನಲ್ಲಿ.
ಹುಬ್ಬಿನಲ್ಲೇ ಕೇಳಿದ: ಎಂದಿನಂತೆ ಆರಾ?
ಟ್ರೇಯತ್ತ ಗಲ್ಲ ತೋರಿಸಿ ಅವಳು,
ಮೂರೂ ಗೆರೆ ಎತ್ತಿ:
ಇವತ್ತಿನದ್ದಾ?