ಇನ್ನೆರಡು ಬಿಸಿಲು

ಬೀಗ ಹಾಕಿದ್ದು ನಾನೇ. ಸುಳ್ಳು ಯಾಕೆ?
ಮೂರನೇ ಮನೆಯವರು ಹಿಂಡದ ಬೆಡ್‌ಶೀಟು ಹರವಿ
ನನ್ನ ಅರಳುಸಂಡಿಗೆಯ ಮೇಲೆಲ್ಲ ತೊಟ್ಟಿಕ್ಕಿಸಿದ ದಿನದಿಂದ
ತಾರಸಿಯ ಬೀಗದ ಕೈ ನನ್ನ ಸೊಂಟದಲ್ಲಿ.

ಚೊಕ್ಕಸಂದ್ರದಲ್ಲಿ ಇಪ್ಪತ್ತು ಮೂವತ್ತರ ಸೈಟು,
ಅದರೊಳಗೆ ಐದು ಬಾಡಿಗೆ ಮನೆ, ತಲೆಯ ಮೇಲೆ ನಾವು.
ಕೆಳಗಿನ ಹಿಂಬದಿಯ ಮನೆಗೆ ಜಯಶೀಲಾ ಬಂದಾಗ
ಗಂಡ ಕೇಳಿದ್ದ, ಬೆಳಕು ಬರುತ್ತಾ?
ಟ್ಯೂಬ್‌ಲೈಟ್ ಇದೆಯಲ್ಲಪ್ಪ, ಅಂದಿದ್ದೆ.
ಪಕ್ಕದ ಕಟ್ಟಡಕ್ಕೂ ನಮ್ಮದಕ್ಕೂ ನಡುವೆ
ಬೆಕ್ಕೊಂದು ಓರೆಯಾಗಿ ನುಸುಳುವಷ್ಟು ಸಂದಿ.

ಏಳೂವರೆಗೆ ಗಾರ್ಮೆಂಟ್ಸ್ ವ್ಯಾನು.
ಕಿಟಕಿಗೂ ಬಣ್ಣ ಬಳಿದ ಶೆಡ್ಡು, ಹನ್ನೆರಡನೇ ಲೈನು,
ದಿನವೆಲ್ಲ ಕಾಲರ್ ಕೂಡಿಸುವ ಕೆಲಸ.
ಮನೆ ಸೇರುವಾಗ ಬೀದಿದೀಪ.
ಆರು ತಿಂಗಳಾದಾಗ ಡಾಕ್ಟರು ಕೇಳಿದರಂತೆ,
ಬಿಸಿಲಿಗೆ ಹೋಗ್ತೀಯಾ?
ಇವಳು ನಕ್ಕುಬಿಟ್ಟಳಂತೆ.

ವಾರಕ್ಕೊಂದು ಪೊಟ್ಟಣ, ಹಾಲಿನಲ್ಲಿ ಕದಡಿ.
ಹಾಲು ಕೊಳ್ಳದ ವಾರ ಪೊಟ್ಟಣವೂ ಇಲ್ಲ.
ಅದೇ ಪೊಟ್ಟಣ ನನ್ನ ಮಂಡಿನೋವಿಗೂ ಬರೆದಿದ್ದರು;
ನಾನು ಒಂದೂ ತಪ್ಪಿಸಲಿಲ್ಲ.

ಒಂದು ಭಾನುವಾರ ಹನ್ನೊಂದಕ್ಕೆ
ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.
'ಆಂಟಿ, ಬೀಗದ ಕೈ. ಅರ್ಧ ಗಂಟೆ.'
'ಮೇಲೆ ಸಂಡಿಗೆ ಇದೆ ಕಣೆ.
ಬೆಳಿಗ್ಗೆ ಎದ್ದು ರಸ್ತೇಲಿ ನಿಲ್ಲು, ಎಳೆಬಿಸಿಲು ಒಳ್ಳೇದು.'
'ಎಳೆಬಿಸಿಲು ಬರೀ ಬೆಚ್ಚಗಂತೆ ಆಂಟಿ.
ನೆರಳು ನಮಗಿಂತ ಮೋಟಾಗಿರಬೇಕಂತೆ,
ಆಗಿನದೇ ಮೂಳೆಗೆ ಹತ್ತೋದಂತೆ.'
ನಲವತ್ತು ವರ್ಷ ಸಂಡಿಗೆ ಒಣಗಿಸಿದವಳಿಗೆ
ಬಿಸಿಲಿನ ಪಾಠ!
ಕೊಡಲಿಲ್ಲ.

ಹೆಣ್ಣುಮಗು. ತಲೆತುಂಬ ಕೂದಲು.
ಆರನೇ ರಾತ್ರಿ ಕೈಕಾಲು ಅದುರಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು...
ಆಟೋ ಕೂಗಿದ್ದು ನಾನೇ. ಅದನ್ನೂ ಹೇಳಬೇಕಲ್ಲ.
ರಕ್ತದಲ್ಲಿ ಸುಣ್ಣದ ಅಂಶ ಇಳಿದಿದೆ, ಅಂದರು.
ತಾಯಿಯ ಹತ್ತಿರವೇ ಇಲ್ಲದ್ದು
ಮಗುವಿಗೆ ಎಲ್ಲಿಂದ ಬರಬೇಕು, ಅಂದರು.
ನನ್ನನ್ನು ಅಜ್ಜಿ ಅಂದುಕೊಂಡ ಚಿಕ್ಕ ಡಾಕ್ಟರಮ್ಮ
ನನ್ನ ಬೆರಳು ಹಿಡಿದು
ಕಿವಿಯ ಹಿಂದಿನ ಬುರುಡೆ ಮುಟ್ಟಿಸಿದಳು.
ಮೆತ್ತಗೆ ಒತ್ತಿದರೆ ತಗ್ಗುತ್ತದೆ,
ಬಿಟ್ಟರೆ ಎದ್ದು ಬರುತ್ತದೆ.

ಈ ಹದ ನನ್ನ ಬೆರಳಿಗೆ ಗೊತ್ತು.
ಮೇಲೆ ಗರಿಗರಿ, ಒಳಗಿನ್ನೂ ಹಸಿ.
ಇದಕ್ಕೆ ಇನ್ನೆರಡು ಬಿಸಿಲು ಬೇಕು
ಎಂದು ಮೊರ ತಿರುಗಿಸಿಡುವ ಹದ.

ಮಗು ಈಗ ಹುಷಾರು. ದಿನವೂ ಹನಿ ಔಷಧಿ,
ಬುರುಡೆ ಗಟ್ಟಿಯಾಗುತ್ತಿದೆ, ಅಳುವೂ.
ಬೀಗದ ಕೈ ಮೆಟ್ಟಿಲ ಪಕ್ಕದ ಮೊಳೆಯಲ್ಲಿದೆ.
ಬಾಡಿಗೆ ಇಳಿಸಿಲ್ಲ; ಅಷ್ಟು ದೊಡ್ಡವಳಲ್ಲ ನಾನು.
ಭಾನುವಾರ ಅವಳು ನೈಟಿಯ ತೋಳು ಮಡಚಿ,
ತನ್ನ ಮೋಟು ನೆರಳಿನ ಪಕ್ಕ ಕೂರುತ್ತಾಳೆ.
ನನ್ನೊಡನೆ ಮಾತು ಕಮ್ಮಿ.
ಮಗು ಹಿಡಿದು ನಾನು ನೀರಿನ ಟ್ಯಾಂಕಿನ ಮರೆಯಲ್ಲಿ.
ಕಾಗೆ ಇಳಿದು ಸಂಡಿಗೆ ಕಚ್ಚುತ್ತದೆ.
ಓಡಿಸಲು
ಕೈ ಬಿಡುವಿಲ್ಲ.